ಗುಡ್ಡದ ಮಡಿಕೆ, ಕಣಿವೆಯ ಮಡಿಕೆ

ಮಕ್ಕಳೇ, ಕಾಗದದ ದೋಣಿ ಮಾಡದವರು ನಿಮ್ಮಲ್ಲಿ ಯಾರಿದ್ದೀರಿ? ಮೊದಲ ಮಳೆ ಬಿದ್ದೊಡನೆ ಸಾಂಗಲಿ, ಮಿರಜದ ಓಣಿಗಳಲ್ಲಿ ಹಳೆಯ ವಹಿಯ ಹಾಳೆಗಳು ದೋಣಿಗಳಾಗುತ್ತವೆ. ಅದನ್ನು ಅಕ್ಕನೋ ಅಣ್ಣನೋ ಕೈಹಿಡಿದು ಕಲಿಸಿರುತ್ತಾರೆ. ಆದರೆ ಪುಸ್ತಕದ ಚಿತ್ರ ನೋಡಿ ಕೊಕ್ಕರೆಯನ್ನೋ ಕಪ್ಪೆಯನ್ನೋ ಮಾಡಲು ಹೊರಟರೆ ನಾಲ್ಕನೆಯ ಚಿತ್ರಕ್ಕೇ ಕೈ ನಿಲ್ಲುತ್ತದೆ. "ಇದರಲ್ಲಿ ಬರೆದದ್ದು ಇಂಗ್ಲಿಷ್, ನನಗೆ ತಿಳಿಯದು" ಎಂದು ಪುಸ್ತಕ ಮುಚ್ಚುತ್ತೀರಿ. ಮುಚ್ಚಬೇಡಿರಿ ಎಂಬುದೇ ನನ್ನ ಮಾತು. ಅಲ್ಲಿ ಗೆರೆಗಳೇ ಮಾತಾಡುತ್ತವೆ.

ಕಾಗದ ಮಡಚುವ ಈ ಕಲೆಗೆ ಜಪಾನಿನಲ್ಲಿ ಒರಿಗಾಮಿ ಎನ್ನುತ್ತಾರೆ. ಅಲ್ಲಿಯ ಅಕಿರಾ ಯೋಶಿಜಾವಾ (1911-2005) ಎಂಬವರು ಮಡಿಕೆಗಳನ್ನು ಗೆರೆ ಹಾಗೂ ಬಾಣಗಳಿಂದ ತೋರಿಸುವ ರೀತಿಯನ್ನು ರೂಪಿಸಿದರು. 1954ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅದನ್ನು ಬಳಸಿದರು. ಮುಂದೆ ಬೇರೆ ದೇಶದವರೂ ಅದನ್ನೇ ಸ್ವಲ್ಪ ತಿದ್ದಿ ಬಳಸತೊಡಗಿದರು. ಹೀಗಾಗಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಮಿರಜದ ಹುಡುಗಿ ಜಪಾನೀ ಪುಸ್ತಕ ನೋಡಿಯೂ ಕೊಕ್ಕರೆ ಮಾಡಬಲ್ಲಳು.

ತುಂಡು ತುಂಡು ಗೆರೆಯಿದ್ದರೆ ಹಾಳೆಯನ್ನು ನಿಮ್ಮ ಕಡೆಗೆ ಮಡಚಬೇಕು. ಬಿಚ್ಚಿದಾಗ ಆ ಗೆರೆ ಕೃಷ್ಣಾ ನದಿ ಹರಿಯುವ ಕಣಿವೆಯ ಹಾಗೆ ತಗ್ಗಾಗಿ ಕಾಣುತ್ತದೆ. ಅದು ಕಣಿವೆಯ ಮಡಿಕೆ. ತುಂಡುಗಳ ನಡುವೆ ಚುಕ್ಕೆಗಳಿದ್ದರೆ ಹಿಂದಕ್ಕೆ ಮಡಚಬೇಕು. ಆಗ ಗೆರೆ ದಂಡೋಬಾ ಗುಡ್ಡದಂತೆ ಮೇಲೆದ್ದು ನಿಲ್ಲುತ್ತದೆ. ಅದು ಗುಡ್ಡದ ಮಡಿಕೆ. ದೋಣಿಗಾಗಿ ಮೊದಲು ಟೋಪಿ ಮಾಡುವಾಗ ಕೆಳಗಿನ ಪಟ್ಟಿಗಳಲ್ಲಿ ಒಂದನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ಎತ್ತುತ್ತೀರಲ್ಲ, ಎರಡೂ ಅಲ್ಲಿಯೇ ಇವೆ.

ಇಷ್ಟು ತಿಳಿದರೂ ಹಲವರು ಒಂದು ಚಿಕ್ಕ ಬಾಣದ ಬಳಿ ದಾರಿ ತಪ್ಪುತ್ತಾರೆ. ನಡುವೆ ಸುರುಳಿ ಸುತ್ತಿದ ಬಾಣವಿದ್ದರೆ ಹಾಳೆಯನ್ನು ಮಗುಚಿ ಹಾಕಬೇಕು. ಮಗುಚಿದರೆ ಗುಡ್ಡವೆಲ್ಲ ಕಣಿವೆ, ಕಣಿವೆಯೆಲ್ಲ ಗುಡ್ಡ! ಆ ಬಾಣ ಕಣ್ತಪ್ಪಿದರೆ ಮುಂದಿನದೆಲ್ಲ ತಲೆಕೆಳಗು. ಒಂದು ಬದಿಗೆ ಮಾತ್ರ ಬಣ್ಣವಿರುವ ಹಾಳೆ ಹಿಡಿದರೆ ಇದು ಬೇಗ ಗೊತ್ತಾಗುತ್ತದೆ. ಚಿತ್ರದಲ್ಲಿ ಬಣ್ಣದ ಬದಿ ಕಾಣುತ್ತಿದ್ದು ನಿಮ್ಮ ಕೈಯಲ್ಲಿ ಬಿಳಿಯ ಬದಿ ಕಂಡರೆ ಹಿಂದಿನ ಚಿತ್ರಕ್ಕೆ ಹೋಗಿರಿ. ಬಣ್ಣದ ಹಾಳೆ ಇಲ್ಲವೆ? ವಹಿಯ ಹಾಳೆಯ ಒಂದು ಬದಿಗೆ ಬಣ್ಣದ ಪೆನ್ಸಿಲಿನಿಂದ ಗೀಚಿದರಾಯಿತು.

ಕೆಲವು ಹೆಜ್ಜೆಗಳು ಗೆರೆಯಿಂದಲೂ ತಿಳಿಯುವುದಿಲ್ಲ. ಟೋಪಿಯ ಹೊಟ್ಟೆಗೆ ಹೆಬ್ಬೆರಳು ಹಾಕಿ, ಅಗಲಿಸಿ, ಚೌಕ ಮಾಡುವುದನ್ನು ಯಾವ ಗೆರೆ ತೋರಿಸೀತು? ಆಗ ಆ ಚಿತ್ರವನ್ನೇ ದಿಟ್ಟಿಸುತ್ತ ಕೂಡಬೇಡಿರಿ. ಮುಂದಿನ ಚಿತ್ರ ನೋಡಿರಿ. ಇಲ್ಲಿಯ ಮೂಲೆ ಅಲ್ಲಿ ಎಲ್ಲಿಗೆ ಹೋಗಿದೆ? ಒಂದೊಂದೇ ಮೂಲೆಯನ್ನು ಬೆರಳಿಟ್ಟು ಹುಡುಕಿರಿ.

ಪುಟ ಉಳಿಸಲು ಮೂರು ಹೆಜ್ಜೆಗಳನ್ನು ಒಂದೇ ಚಿತ್ರದಲ್ಲಿ ತುರುಕಿದ ಪುಸ್ತಕಗಳೂ ಉಂಟು. ಅಲ್ಲಿ ಕೈ ನಿಂತರೆ ತಪ್ಪು ಚಿತ್ರದ್ದು. "ಇವನ ಕೈಗೆ ಕಲೆ ಇಲ್ಲ" ಎಂದು ಯಾರಾದರೂ ಅಂದರೆ ನಂಬಬೇಡಿರಿ. ಹಾಗೆಂದು ಗೆಳೆಯನ ಕೈಗೆ ಹಾಳೆ ಕೊಟ್ಟು "ನೀನೇ ಮಾಡಿಕೊಡು" ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಬೇಕಾದರೆ ಅವನು ಮೂಲೆಯನ್ನು ತೋರಿಸಲಿ, ಮಡಚುವವರು ನೀವೇ ಆಗಿರಿ.