ಮನೆಯ ಪಾಲುದಾರರು

ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿ ಬೆಂಗಳೂರಿನ ಪೂರ್ವದ ಅಂಚಿನಲ್ಲಿ ದುಡಿಯುವ ಮಕ್ಕಳಿರುವ ಮನೆಗಳಲ್ಲಿ ಈಗ ಒಂದೇ ಚರ್ಚೆ. ಕೆ.ಆರ್. ಪುರದ ಆಚೆಗೋ ಈಚೆಗೋ ಹೊಸ ಅಪಾರ್ಟ್‌ಮೆಂಟಿನಲ್ಲಿ ಒಂದು ಫ್ಲ್ಯಾಟು ತೆಗೆದುಕೊಳ್ಳುವುದೋ, ಊರಿನಲ್ಲೇ ಒಂದು ಸೈಟು ಹಿಡಿದು ಸ್ವಂತಕ್ಕೆ ಮನೆ ಕಟ್ಟುವುದೋ? ಅಪ್ಪನಿಗೆ ಕಾಲಡಿಯ ನೆಲ ತನ್ನದಾಗಿರಬೇಕು. ಮಗನಿಗೆ ಆಫೀಸು ಹತ್ತಿರವಿರಬೇಕು. ದಿನದ ಹೆಚ್ಚು ಹೊತ್ತು ಆ ಮನೆಯೊಳಗೇ ಇರಬೇಕಾದ ಅಮ್ಮನನ್ನು ಕೇಳುವವರು ಕಡಿಮೆ. ಕೊನೆಗೆ ಮಾತು ದುಡ್ಡಿನ ಹತ್ತಿರ ಬಂದು ನಿಲ್ಲುತ್ತದೆ: ಯಾವುದಕ್ಕೆ ಹಾಕಿದರೆ ಹತ್ತು ವರ್ಷಕ್ಕೆ ಹೆಚ್ಚು ಬೆಲೆ ಬಂದೀತು?

ಈ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ಮಾರುವುದಕ್ಕಲ್ಲ, ಇರುವುದಕ್ಕೆ ಬೇಕಾದ ಮನೆಯಾದರೆ ಮೊದಲು ಕೇಳಬೇಕಾದದ್ದು ಬೇರೆ. ಈ ಮನೆಯಲ್ಲಿ ನನ್ನ ಜೊತೆ ಯಾರ್ಯಾರಿಗೆ ಪಾಲಿದೆ? ನೀರು, ದಾರಿ, ಚರಂಡಿ, ಗೋಡೆ, ಚಾವಣಿ ಇವುಗಳನ್ನು ಯಾರ ಜೊತೆ ಸೇರಿ ಕಾಪಾಡಿಕೊಳ್ಳಬೇಕು? ಅವರು ಕೈ ಎತ್ತಿದರೆ ನನ್ನ ಗತಿಯೇನು?

ಲೆಕ್ಕದಿಂದಲೇ ಶುರುಮಾಡೋಣ. 30×40ರ ಸೈಟೆಂದರೆ 1200 ಚದರಡಿ ನೆಲ. ಫ್ಲ್ಯಾಟು ಮಾರುವವರು ಹೇಳುವುದೂ ಎಷ್ಟೋ ಸಲ ಅದೇ 1200. ಆದರೆ ಅದು ಸೂಪರ್ ಬಿಲ್ಟ್‌ಅಪ್: ಮೆಟ್ಟಿಲು, ಲಿಫ್ಟು, ಕಾರಿಡಾರು, ಕ್ಲಬ್‌ಹೌಸ್ ಎಲ್ಲದರ ಪಾಲೂ ಅದರಲ್ಲಿ ಸೇರಿರುತ್ತದೆ. ಬಾಗಿಲು ಹಾಕಿಕೊಂಡ ಮೇಲೆ ಒಳಗೆ ಉಳಿಯುವ ಕಾರ್ಪೆಟ್ ಏರಿಯಾ 850ರ ಆಸುಪಾಸಿಗೆ ಬಂದು ನಿಂತರೆ ಅಚ್ಚರಿಪಡಬೇಕಿಲ್ಲ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ (ರೇರಾ) ಕಾರ್ಪೆಟ್ ಏರಿಯಾವನ್ನು ಸ್ಪಷ್ಟವಾಗಿ ತಿಳಿಸಲೇಬೇಕೆಂದು ವಿಧಿಸಿದ್ದು ಇದಕ್ಕಾಗಿಯೇ. ನೆಲದ ಪಾಲು ಇನ್ನೂ ಚಿಕ್ಕದು. ಅರ್ಧ ಎಕರೆಯಲ್ಲಿ 60 ಫ್ಲ್ಯಾಟು ಎದ್ದಿವೆ ಎಂದಿಟ್ಟುಕೊಳ್ಳಿ. 21,780 ಚದರಡಿಯನ್ನು ಸಮನಾಗಿ ಹಂಚಿದರೆ ತಲೆಗೆ 363. ಅದಕ್ಕೂ ಬೇಲಿ ಹಾಕುವಂತಿಲ್ಲ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಅದು ಅವಿಭಾಜ್ಯ ಪಾಲು, ಫ್ಲ್ಯಾಟಿನಿಂದ ಬೇರೆ ಮಾಡಿ ಮಾರಲು ಬರುವುದಿಲ್ಲ. ಕಟ್ಟಡಕ್ಕೆ ವಯಸ್ಸಾಗುತ್ತದೆ, ನೆಲಕ್ಕೆ ಆಗುವುದಿಲ್ಲ ಎಂದು ಹಿರಿಯರು ಹೇಳುವುದರಲ್ಲಿ ಹುರುಳಿದೆ.

ಹಾಗೆಂದು ಒಂಟಿ ಮನೆಯಲ್ಲಿ ಯಾರ ಹಂಗೂ ಇಲ್ಲ ಎಂದುಕೊಂಡರೆ ಅದು ಕೋಲಾರ ಜಿಲ್ಲೆಯ ನೀರನ್ನು ಮರೆತ ಮಾತು. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ನಮ್ಮದು. ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ಅತಿಯಾಗಿ ಬಳಕೆಯಾದ ಪ್ರದೇಶ. ಸಾವಿರ ಅಡಿ ದಾಟಿ ಕೊರೆಸಿದರೂ ಬರೀ ಕಲ್ಲಿನ ಹಿಟ್ಟು ಹಾರಿದ ಬೋರ್‌ವೆಲ್‌ಗಳ ಕಥೆ ಇಲ್ಲಿ ಪ್ರತಿ ಬೀದಿಯಲ್ಲೂ ಇದೆ. ನಿಮ್ಮ ಸೈಟಿನಲ್ಲಿ ನೀವು ಕೊರೆಸುವ ತೂತು ನಿಮ್ಮದು, ಆದರೆ ಅದರೊಳಗೆ ಬರಬೇಕಾದ ನೀರು ಪಕ್ಕದವನ ಬೋರ್‌ವೆಲ್ಲಿನದೂ ಹೌದು, ಕೆರೆಯ ಕೆಳಗಿನ ತೋಟದ್ದೂ ಹೌದು. 2023ರಲ್ಲಿ ಉದ್ಘಾಟನೆಯಾದ ಯರಗೋಳ್ ಅಣೆಕಟ್ಟು ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳಿಗೆಂದು ಕಟ್ಟಿದ್ದು, ಮುಳಬಾಗಿಲಿಗಲ್ಲ. ಇನ್ನು 2018ರ ಜೂನ್‌ನಲ್ಲಿ ನರಸಾಪುರದ ಕಡೆಯ ಲಕ್ಷ್ಮೀಸಾಗರ ಕೆರೆಗೆ ಮೊದಲು ಹರಿದುಬಂದ ಕೆ.ಸಿ. ವ್ಯಾಲಿ ನೀರು ಯಾವುದು? ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಮನೆ ಮತ್ತು ಅಪಾರ್ಟ್‌ಮೆಂಟುಗಳಿಂದ ಹೊರಬಿದ್ದ ಕೊಳಚೆಯನ್ನು ಎರಡು ಹಂತಕ್ಕೆ ಶುದ್ಧೀಕರಿಸಿ ಪಂಪು ಮಾಡಿದ್ದು. ಕೆರೆಗಳು ತುಂಬಿದ್ದನ್ನು ಕಂಡು ಸಂತೋಷಪಟ್ಟವರಿದ್ದಾರೆ, ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಬಿಡಬೇಡಿ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದವರೂ ಇದ್ದಾರೆ. ಮಗ ಅಲ್ಲಿಯ ಫ್ಲ್ಯಾಟಿನಲ್ಲಿ ಸ್ನಾನ ಮಾಡಿದ ನೀರು ಅಪ್ಪನ ಜಿಲ್ಲೆಯ ಅಂತರ್ಜಲವಾಗುತ್ತಿದೆ. ಹಾಗಿರುವಾಗ ಒಬ್ಬರ ಹಂಗಿಲ್ಲದೆ ಇನ್ನೊಬ್ಬರು ಎಂಬ ಮಾತಿಗೆ ಅರ್ಥವೇ ಇಲ್ಲ.

ಸೈಟಿನ ಕಾಗದ ಮತ್ತೊಂದು. ಹೆದ್ದಾರಿಯ ಪಕ್ಕದ ಹೊಲಕ್ಕೆ ಸುಣ್ಣದ ಗೆರೆ ಎಳೆದು, ನಾಲ್ಕು ಕಲ್ಲು ನೆಟ್ಟು, ಎಕ್ಸ್‌ಪ್ರೆಸ್‌ವೇ ಹೆಸರು ಹೇಳಿ ಮಾರುವ ರೆವಿನ್ಯೂ ಸೈಟು ಅಗ್ಗ. ಭೂಪರಿವರ್ತನೆ ಆಗಿಲ್ಲದ, ಯೋಜನಾ ಪ್ರಾಧಿಕಾರದ ಅನುಮೋದನೆ ಇಲ್ಲದ ಬಡಾವಣೆಯಲ್ಲಿ ರಸ್ತೆ ನಕಾಶೆಯಲ್ಲಿ ಮಾತ್ರ ಇರುತ್ತದೆ, ಚರಂಡಿ ಅದರಲ್ಲೂ ಇರುವುದಿಲ್ಲ. 2024ರಿಂದ ಸೈಟು, ಮನೆಗಳ ನೋಂದಣಿಗೆ ಇ-ಖಾತೆ ಬೇಕೇ ಬೇಕೆಂದು ಸರ್ಕಾರ ಹಟ ಹಿಡಿದ ಮೇಲೆ ಎಷ್ಟೋ ಜನಕ್ಕೆ ತಾವು ಕೊಂಡದ್ದು ಏನೆಂದು ಆಗ ಗೊತ್ತಾಯಿತು. ಹೆಚ್ಚು ಕೊಟ್ಟರೂ ನಗರಸಭೆಯ ಕೊಳಾಯಿ, ಒಳಚರಂಡಿ, ಬೀದಿದೀಪ ಬಂದಿರುವ ಹಳೇ ಬಡಾವಣೆಯ ಚಿಕ್ಕ ಸೈಟೇ ಮೇಲು. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ಕಟ್ಟುವ ಕೆಲಸದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ದೂರದಲ್ಲಿರುವ ಮಕ್ಕಳು ಸೋಲುವುದು ಅಲ್ಲಿ. ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಗೋಡೆಗೂ ಕಲ್ಲು, ಮಾಡಿಗೂ ಕಲ್ಲು ಚಪ್ಪಡಿ ಹಾಸಿದ ಹಳೇ ಮನೆಗಳು ಇನ್ನೂ ಹಳ್ಳಿಗಳಲ್ಲಿ ಗಟ್ಟಿಯಾಗಿ ನಿಂತಿವೆ. ಈಗಲೂ ಪಾಯಕ್ಕೆ ಸೈಜುಕಲ್ಲು ಸುಲಭವಾಗಿ ಸಿಗುತ್ತದೆ, ಇಟ್ಟಿಗೆಗೆ ಮಾಲೂರು ದೂರವಿಲ್ಲ. ಸಾಮಗ್ರಿಯಲ್ಲಿ ಕೊರತೆಯಿಲ್ಲ, ಕಣ್ಗಾವಲಿನಲ್ಲಿ ಇದೆ. ಮೋಲ್ಡ್ ಹಾಕುವ ದಿನ ಎಲ್ಲರೂ ಬರುತ್ತಾರೆ, ಪೂಜೆ, ಊಟ, ಮೇಸ್ತ್ರಿಗೆ ಪಂಚೆ ಶಲ್ಯ ಎಲ್ಲ ಆಗುತ್ತದೆ. ಮನೆಯ ಆಯಸ್ಸು ನಿಂತಿರುವುದು ಮಾರನೆಯ ದಿನದಿಂದ. ಭಾರತೀಯ ಮಾನಕದ ಪ್ರಕಾರ ಸಾಧಾರಣ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಈಗ ಹೆಚ್ಚಾಗಿ ಸಿಗುವ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ನೀರು ಆರದಂತೆ ನೋಡಿಕೊಳ್ಳಬೇಕು. ಚಾವಣಿಯ ಮೇಲೆ ಗಾರೆಯಲ್ಲಿ ಚಿಕ್ಕ ಬದು ಕಟ್ಟಿ, ಮಡಿಮಡಿಯಾಗಿ ನೀರು ನಿಲ್ಲಿಸುವ ಕೆಲಸ ಅದು. ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ತುಂಬಿದ ಮಡಿ ಸಂಜೆಗೆ ಒಣಗಿರುತ್ತದೆ. ಟ್ಯಾಂಕರಿಗೆ ದುಡ್ಡು ಕೊಟ್ಟು ನೀರು ತರಿಸುವ ಊರಿನಲ್ಲಿ ಈ ನೀರು ಉಳಿಸಲು ಯಾರಿಗಾದರೂ ಮನಸ್ಸಾದೀತು. ಭಾನುವಾರ ಮಾತ್ರ ಬಂದು ಹೋಗುವ ಮಗನಿಗೆ ಬುಧವಾರ ಮಡಿ ಒಣಗಿತ್ತು ಎಂಬುದು ತಿಳಿಯುವುದು ನಾಲ್ಕು ಮಳೆಗಾಲ ಕಳೆದು ಚಾವಣಿ ಸೋರಿದಾಗ. ಊರಲ್ಲಿ ನಿಂತು ನೋಡಿಕೊಳ್ಳುವ ಒಬ್ಬರಿಲ್ಲದೆ ಮನೆ ಕಟ್ಟಿಸಲು ಹೋಗಬಾರದು. ವಯಸ್ಸಾದ ಅಪ್ಪನನ್ನೇ ಕಾವಲಿಗೆ ನಿಲ್ಲಿಸಿ, ದಿನಕ್ಕೆರಡು ಸಲ ಏಣಿ ಹತ್ತಿಸುವುದೂ ಸರಿಯಲ್ಲ.

ಫ್ಲ್ಯಾಟಿನಲ್ಲಿ ಈ ಕಷ್ಟವಿಲ್ಲ. ರೇರಾ ಪ್ರಕಾರ ಕಟ್ಟಡದ ರಚನೆಯ ದೋಷಗಳಿಗೆ 5 ವರ್ಷ ಬಿಲ್ಡರ್ ಹೊಣೆ. ಆಮೇಲೆ? ಆಮೇಲೆ ಹೊಣೆ 60 ಮನೆಯವರದು. ಫ್ಲ್ಯಾಟು ಕೊಳ್ಳುವವರು ಗೋಡೆಯ ಬಣ್ಣ, ಅಡಿಗೆಮನೆಯ ಗ್ರಾನೈಟು ನೋಡುತ್ತಾರೆ, ಸಂಘದ ಲೆಕ್ಕಪುಸ್ತಕ ನೋಡುವುದಿಲ್ಲ. ಕೊಳಚೆ ಶುದ್ಧೀಕರಣ ಘಟಕ (ಎಸ್‌ಟಿಪಿ) ಕೆಟ್ಟರೆ, ಲಿಫ್ಟಿನ ಮೋಟಾರು ಸುಟ್ಟರೆ, ತಿಂಗಳ ಮೆಂಟೇನೆನ್ಸ್ ಕಟ್ಟದವರ ಸಂಖ್ಯೆ ಹೆಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಆ ಪುಸ್ತಕದಲ್ಲಿರುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾಗಿ ಬಂದಾಗ, ದೊಡ್ಡ ದೊಡ್ಡ ಅಪಾರ್ಟ್‌ಮೆಂಟುಗಳೂ ಸರದಿಯ ಮೇಲೆ ನೀರು ಬಿಟ್ಟವು. ಅಮೆರಿಕದ ಫ್ಲಾರಿಡಾದಲ್ಲಿ 1981ರಲ್ಲಿ ಕಟ್ಟಿದ ಚಾಂಪ್ಲೇನ್ ಟವರ್ಸ್ ಸೌತ್ ಎಂಬ ವಸತಿ ಕಟ್ಟಡ 2021ರ ಜೂನ್ 24ರ ನಡುರಾತ್ರಿ ಕುಸಿದು 98 ಜನ ಸತ್ತರು. ಕಾಂಕ್ರೀಟು ಹಾಳಾಗಿದೆ ಎಂದು ಎಂಜಿನಿಯರ್ 2018ರಲ್ಲೇ ಬರೆದುಕೊಟ್ಟಿದ್ದರು. ದುರಸ್ತಿಗೆ ಬೇಕಾದ ಕೋಟ್ಯಂತರ ಡಾಲರನ್ನು ಯಾರು ಎಷ್ಟು ಹಾಕಬೇಕೆಂಬ ಜಗ್ಗಾಟದಲ್ಲಿ ವರ್ಷಗಳು ಕಳೆದಿದ್ದವು. ಕುಸಿತದ ಮೂಲ ಕಾರಣ ವಿನ್ಯಾಸದಲ್ಲೇ ಇತ್ತು ಎಂದಾದರೂ, ಹತ್ತಾರು ಮಾಲೀಕರು ಒಂದು ನಿರ್ಧಾರಕ್ಕೆ ಬರುವುದು ಎಷ್ಟು ಕಷ್ಟ ಎಂಬುದು ಅಲ್ಲಿ ಕಾಣುತ್ತದೆ. ಸಭೆಗೆ ಹೋಗುವ, ಪಕ್ಕದವರ ಜೊತೆ ಜಗಳವಾದರೂ ಮಾತು ಬಿಡದಿರುವ ಸ್ವಭಾವವಿದ್ದರೆ ಫ್ಲ್ಯಾಟು ಕೊಳ್ಳಬಹುದು. ಇಲ್ಲದಿದ್ದರೆ ಬೇಡ.

ಫ್ಲ್ಯಾಟಿನ ಪರವಾಗಿ ಒಂದು ದೊಡ್ಡ ಮಾತಿದೆ, ನಮ್ಮ ಊರುಗಳಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನರಲ್ಲಿ ನೂರಕ್ಕೆ 30 ಮಂದಿ ಪರಿಶಿಷ್ಟ ಜಾತಿಯವರು. ಮುಳಬಾಗಿಲು ವಿಧಾನಸಭಾ ಕ್ಷೇತ್ರವೇ ಮೀಸಲು ಕ್ಷೇತ್ರ. ಆದರೂ ಓದಿ ಕೆಲಸ ಹಿಡಿದ ದಲಿತ ಕುಟುಂಬವೊಂದು ಪೇಟೆಯ ಹಳೇ ಬೀದಿಯಲ್ಲಿ ಸೈಟು ಕೇಳಿದರೆ ದರ ಹೇಳುವ ಮೊದಲು ಬರುವ ಪ್ರಶ್ನೆ ಯಾವುದೆಂದು ಎಲ್ಲರಿಗೂ ಗೊತ್ತು. ಮುಸ್ಲಿಮರಿಗೂ ಹಾಗೆಯೇ. ಬಿಲ್ಡರಿಗೆ ಬೇಕಾದದ್ದು ಬ್ಯಾಂಕಿನ ಸಾಲ ಮಂಜೂರಾತಿ ಪತ್ರ. ನಗರದ ಎಲ್ಲ ಅಪಾರ್ಟ್‌ಮೆಂಟುಗಳೂ ಮುಕ್ತವಾಗಿವೆ ಎಂದು ನಾನು ಹೇಳಲಾರೆ, ಬಾಡಿಗೆಗೆ ಕೇಳಿದವರ ಅನುಭವ ಬೇರೆಯೇ ಇದೆ. ಆದರೆ ಬೀದಿಯ ಒಪ್ಪಿಗೆ ಬೇಡದೆ ಮನೆಯ ಒಡೆತನ ಸಿಗುವುದಾದರೆ, 363 ಚದರಡಿಯ ಪಾಲು ಚಿಕ್ಕದಾಯಿತೆಂದು ಅವರಿಗೆ ಉಪದೇಶ ಮಾಡುವ ಹಕ್ಕು ಉಳಿದವರಿಗಿಲ್ಲ.

ಹಾಗಾದರೆ ಯಾವುದು? ದಿನ ಎಲ್ಲಿ ಕಳೆಯುತ್ತದೋ ಅಲ್ಲಿ. ನರಸಾಪುರ, ವೇಮಗಲ್ ಕಾರ್ಖಾನೆಗಳಲ್ಲಿ, ಕೋಲಾರದ ಕಚೇರಿಗಳಲ್ಲಿ, ಊರಿನ ಶಾಲೆಗಳಲ್ಲಿ ಕೆಲಸವಿರುವವರು ಮುಳಬಾಗಿಲಿನಲ್ಲೇ ಮನೆ ಕಟ್ಟಲಿ. ನೆಲಮಟ್ಟದಲ್ಲಿ ಎರಡು ಕೋಣೆ ಸಾಕು, ಮಳೆನೀರಿನ ಸಂಪು ಮಾತ್ರ ದೊಡ್ಡದಿರಲಿ. ಅಪ್ಪ ಅಮ್ಮನಿಗೆ ಎದೆನೋವು ಬಂದರೆ ಕೋಲಾರದ ಟಮಕದ ಆಸ್ಪತ್ರೆಗೆ ಹೆದ್ದಾರಿಯಿದೆ. ವೈಟ್‌ಫೀಲ್ಡಿನಲ್ಲಿ ದುಡಿಯುವವರು ಊರಲ್ಲಿ ಸಾಲ ಮಾಡಿ ಎರಡಂತಸ್ತು ಕಟ್ಟಿ ಬೀಗ ಹಾಕುವುದು ಬೇಡ. ಮುಳಬಾಗಿಲಿಗೆ ರೈಲಿಲ್ಲ, ಅಷ್ಟು ದೂರವನ್ನು ದಿನವೂ ಬಸ್ಸಿನಲ್ಲಿ ಹೋಗಿಬಂದು ಬಾಳಲಾಗದು. ಅವರು ಆಫೀಸಿನ ಹತ್ತಿರ ಮೊದಲು ಬಾಡಿಗೆಗಿರಲಿ. ಕೊಳ್ಳುವುದೇ ಆದರೆ ಆಕ್ಯುಪೆನ್ಸಿ ಸರ್ಟಿಫಿಕೇಟ್ ಬಂದು, ಜನ ವಾಸವಿರುವ ಕಟ್ಟಡದಲ್ಲಿ, ಎರಡು ಬೇಸಿಗೆಯ ನೀರಿನ ಬಿಲ್ಲು ನೋಡಿ ಕೊಳ್ಳಲಿ. ಬರೀ ಬ್ರೋಷರ್ ನೋಡಿ ಬುಕ್ ಮಾಡುವುದಕ್ಕಿಂತ ಇದರಲ್ಲಿ ಬೆಲೆ ಹೆಚ್ಚಾದರೂ ನಿದ್ದೆ ಬರುತ್ತದೆ.

ಫ್ಲ್ಯಾಟಿನ ಮುಂಗಡಕ್ಕೆ ಊರಿನ ಜಮೀನು ಮಾರುವ ಯೋಚನೆ ಬಂದಾಗ ಮಾತ್ರ ಪಾಲುದಾರರ ಲೆಕ್ಕ ಮನೆಯೊಳಗೇ ಆಗಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳೂ ಮಗನಷ್ಟೇ ಹಕ್ಕುದಾರಳು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಆದರೂ ನಮ್ಮಲ್ಲಿ ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಸುವುದು ಸಹಿ ಹಾಕಿಸಿಕೊಳ್ಳಲು ಮಾತ್ರ, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೈಗಿಟ್ಟು ಕಳಿಸುತ್ತಾರೆ. ಆ ಜಮೀನಿನ ದುಡ್ಡಿನಲ್ಲಿ ಮಗಳ ಪಾಲೂ ಇದ್ದರೆ ವೈಟ್‌ಫೀಲ್ಡಿನ ಫ್ಲ್ಯಾಟಿನಲ್ಲಿಯೂ ಅವಳ ದುಡ್ಡಿದೆ. ಬಿಲ್ಡರಿಗೆ ಮೊದಲ ಚೆಕ್ಕು ಬರೆಯುವ ಮೊದಲು ಅವಳ ಮೊತ್ತ ಅವಳ ಬ್ಯಾಂಕ್ ಖಾತೆಗೆ ಹೋಗಲಿ. ಉಳಿದದ್ದು ಫ್ಲ್ಯಾಟಿಗೆ ಸಾಲದಿದ್ದರೆ ಇನ್ನೆರಡು ವರ್ಷ ಬಾಡಿಗೆ ಮನೆಯಲ್ಲಿರಲಿ.