ಮಳೆಗಾಲದಲ್ಲಿ ನಡುಗಡ್ಡೆಗೆ ಹೋಗುವವರಿಗೆ

ಮುಧೋಳ ಕಡೆಯ ಗೆಳೆಯನೊಬ್ಬ ಹೋದ ಜೂನ್‌ನಲ್ಲಿ ನನಗೊಂದು ಜಾಹೀರಾತು ಕಳಿಸಿದ. ಅಂಡಮಾನ್, ಐದು ರಾತ್ರಿ ಆರು ಹಗಲು, ಆಫ್ ಸೀಜನ್ ದರ. ಚಿತ್ರದಲ್ಲಿ ನೀಲಿ ಸಮುದ್ರ, ಬಿಳಿ ಮರಳು, ಆಕಾಶದಲ್ಲಿ ಒಂದು ತುಣುಕು ಮೋಡವೂ ಇಲ್ಲ. ಕೆಳಗೆ ಆತನ ಪ್ರಶ್ನೆ: "ನೀ ಪೇಪರ್‌ದಾಂವ, ಹೇಳಪಾ, ಹೋಗಬಹುದೇನು?"

ಆತ ಕಬ್ಬಿನ ರೈತ. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಕಬ್ಬಿನವರಿಗೆ ಊರು ಬಿಟ್ಟು ಹೋಗಲು ಪುರಸೊತ್ತು ಸಿಗುವುದೇ ಮಳೆಗಾಲದಲ್ಲಿ. ನವೆಂಬರ್‌ನಿಂದ ಕಾರ್ಖಾನೆ ನುರಿಸಲು ಶುರುವಾದರೆ ಕಟಾವಿನ ಗ್ಯಾಂಗು, ಟ್ರ್ಯಾಕ್ಟರು, ತೂಕ, ಬಿಲ್ಲು ಅಂತ ಮಾರ್ಚ್ ತನಕ ತಲೆ ಎತ್ತುವಂತಿಲ್ಲ. ಲೋಕವೆಲ್ಲ ದ್ವೀಪಕ್ಕೆ ಹೋಗುವ ಡಿಸೆಂಬರ್–ಜನವರಿಯಲ್ಲಿ ನಮ್ಮವರು ಕಾರ್ಖಾನೆ ಗೇಟಿನ ಮುಂದೆ ಪಾಳಿ ಹಚ್ಚಿರುತ್ತಾರೆ. ಆದ್ದರಿಂದ "ಮಳೆಗಾಲದಾಗ ದ್ವೀಪಕ್ಕ ಹೋಗೋದ ಹುಚ್ಚತನ" ಅಂತ ಆತನಿಗೆ ಒಂದೇ ಮಾತಿನಲ್ಲಿ ಹೇಳಲು ನನಗೆ ಮನಸ್ಸಾಗಲಿಲ್ಲ.

ಗೊತ್ತಿದ್ದಷ್ಟು ಹೇಳಿದೆ. ಮುಂಗಾರು ಕೇರಳಕ್ಕೆ ಬರುವ ಮೊದಲೇ, ಮೇ ಮೂರನೇ ವಾರದ ಸುಮಾರಿಗೆ ಅಂಡಮಾನ್–ನಿಕೋಬಾರ್ ಮುಟ್ಟುತ್ತದೆ. ಅಲ್ಲಿಗೆ ನೈರುತ್ಯ ಮಾರುತವೂ ಮಳೆ ತರುತ್ತದೆ, ಈಶಾನ್ಯ ಮಾರುತವೂ ತರುತ್ತದೆ. ಮೇ ತಿಂಗಳಿಂದ ನವೆಂಬರ್ ತನಕ ಛತ್ರಿ ಮಡಚುವ ಹಾಗಿಲ್ಲ. ದಿನವಿಡೀ ಸುರಿಯುತ್ತದೆ ಅಂತಲ್ಲ, ನಡುನಡುವೆ ಚಲೋ ಬಿಸಿಲೂ ಬೀಳುತ್ತದೆ. ತೊಂದರೆ ಇರುವುದು ಮಳೆಯಲ್ಲಿ ಅಲ್ಲ, ಗಾಳಿಯಲ್ಲಿ. ಗಾಳಿ ಎದ್ದರೆ ಶ್ರೀ ವಿಜಯಪುರಂನಿಂದ (ಹಳೆಯ ಪೋರ್ಟ್ ಬ್ಲೇರ್) ಸ್ವರಾಜ್ ದ್ವೀಪಕ್ಕೆ ಹೋಗುವ ಹಡಗು ರದ್ದಾಗುತ್ತದೆ. ಅಲ್ಲಿಗೆ ಹೋದ ಮೇಲೆ ರದ್ದಾದರೆ ವಾಪಸ್ ಬರುವ ವಿಮಾನ ತಪ್ಪುತ್ತದೆ. ಅಂಥ ಸಮಯದಲ್ಲಿ ಹೋಗುವವರು ಕೊನೆಯ ಒಂದೆರಡು ದಿನವನ್ನು ದೊಡ್ಡ ಊರಲ್ಲೇ ಖಾಲಿ ಇಟ್ಟುಕೊಳ್ಳಬೇಕು. ಜಾಹೀರಾತಿನ ಐದು ರಾತ್ರಿ ಆರು ಹಗಲಿನಲ್ಲಿ ಆ ಖಾಲಿ ದಿನಗಳು ಇರಲಿಲ್ಲ. ಸಮುದ್ರದ ತಳ ನೋಡುವ ಆಸೆಯಿದ್ದರೆ ಅದನ್ನೂ ಮರೆಯಬೇಕು, ಕದಡಿದ ನೀರಿನಲ್ಲಿ ಏನೂ ಕಾಣುವುದಿಲ್ಲ. ಜೂನ್–ಜುಲೈಯಲ್ಲೇ ದ್ವೀಪ ನೋಡಬೇಕು ಅಂತ ಹಟ ಇದ್ದರೆ ಶ್ರೀಲಂಕಾದ ಪೂರ್ವ ದಂಡೆ ಮೇಲು. ಕೊಲಂಬೊ ಕಡೆ ಮಳೆ ಹೊಡೆಯುವಾಗ ಟ್ರಿಂಕೋಮಲಿ ಕಡೆ ಒಣ ಹವಾ ಇರುತ್ತದೆ, ನಡುವಿನ ಗುಡ್ಡಗಳು ಆ ಮಳೆಯನ್ನು ತಡೆಯುತ್ತವೆ. ಸಹ್ಯಾದ್ರಿ ನಮ್ಮ ಮಳೆಯನ್ನು ತಡೆದ ಹಾಗೆಯೇ.

ಆತ ಹೋದನೋ ಬಿಟ್ಟನೋ, ಅದು ಬೇರೆ ಮಾತು. ಆತನಿಗೆ ಇಷ್ಟೆಲ್ಲ ಬುದ್ಧಿ ಹೇಳಿದ ನಾನು ಜುಲೈಯಲ್ಲಿ ಹೆಂಡತಿ ಮಗಳನ್ನು ಕರೆದುಕೊಂಡು ಮಲ್ಪೆಗೆ ಹೋದೆ.

ಉಡುಪಿಯಲ್ಲಿ ಒಂದು ಮದುವೆ ಕೆಲಸವಿತ್ತು. ಅಲ್ಲಿ ತನಕ ಬಂದು ಸೇಂಟ್ ಮೇರೀಸ್ ದ್ವೀಪ ನೋಡದೆ ಹೋಗುವುದೇ ಅಂತ ಮಗಳ ಹಟ. ಪಠ್ಯದಲ್ಲಿ ಓದಿದ್ದಳು: ಕೋಟ್ಯಂತರ ವರ್ಷಗಳ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದ ಜ್ವಾಲಾಮುಖಿ ಕಲ್ಲು, ಕಂಬ ಜೋಡಿಸಿಟ್ಟ ಹಾಗೆ ನಿಂತಿದೆ ಅಂತ. 1498ರಲ್ಲಿ ವಾಸ್ಕೋ ಡ ಗಾಮ ಅಲ್ಲಿ ಇಳಿದ ಅಂತ ಹೇಳುವ ಕಥೆಯೂ ಇದೆ. ನಾವು ಮಲ್ಪೆ ಮುಟ್ಟಿದಾಗ ದಂಡೆಗೆ ಬಲೆ ಕಟ್ಟಿ ಇಳಿಯಬೇಡಿ ಅಂತ ಫಲಕ ಹಾಕಿದ್ದರು. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ದವು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟಿನ ಮೀನುಗಾರಿಕೆಗೆ ನಿಷೇಧ. ದ್ವೀಪಕ್ಕೆ ಒಯ್ಯುವ ಬೋಟೂ ಮಳೆಗಾಲ ಮುಗಿಯುವ ತನಕ ಬಂದ್. ಪತ್ರಿಕೆಯಲ್ಲಿ ನಾನೇ ಓದಿದ್ದ ಸುದ್ದಿ. ಓದಿದ್ದು ಬೇರೆ, ಮಗಳ ಮುಂದೆ ನೆನಪಾಗುವುದು ಬೇರೆ.

ಚಹಾ ಕೊಟ್ಟ ಹೆಂಗಸು ನಮ್ಮ ಮಾತಿನ ಧಾಟಿ ಕೇಳಿ ನಕ್ಕರು. "ನೀವು ಎಂತ ಈಗ ಬಂದದ್ದು? ಕಡಲು ಹಾಗೆ ಉಂಟಲ್ಲ, ಕಾಣುದಿಲ್ಲವಾ?" ಅಂದರು. ಆಮೇಲೆ ಒಂದು ಮಾತು ಸೇರಿಸಿದರು: "ನಿಮ್ಮ ಕಡೆ ನೀರಿಲ್ಲ ಅಂತ ಇಲ್ಲಿಗೆ ಬರುದಾ?"

ನಮ್ಮ ಕಡೆ ನೀರಿಲ್ಲ! ಅದೇ ವಾರ ಕೃಷ್ಣೆ ಏರುತ್ತಿದ್ದಳು. ನನ್ನ ಮೊಬೈಲಿನಲ್ಲಿ ಮುಂಜಾನೆಯಷ್ಟೇ ಬಂದ ಅಂಕಿಗಳಿದ್ದವು: ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯುಸೆಕ್, ದೂಧಗಂಗೆಯಿಂದ ಎಷ್ಟು, ಹಿಪ್ಪರಗಿಗೆ ಒಳಹರಿವು ಎಷ್ಟು. ಜಮಖಂಡಿ ತಾಲ್ಲೂಕಿನ ಹೊಳೆ ದಂಡೆಯವರು ಈ ಅಂಕಿಗಳನ್ನು ಜಾತಕದ ಹಾಗೆ ಓದುತ್ತಾರೆ. ಇಂತಿಷ್ಟು ದಾಟಿದರೆ ಪಂಪ್‌ಸೆಟ್ ಮ್ಯಾಲ ತರಬೇಕು, ಇನ್ನಷ್ಟು ದಾಟಿದರೆ ದನ ಹೊಡೆದುಕೊಂಡು ಹೋಗಬೇಕು, ಅದಕ್ಕೂ ಮೇಲಾದರೆ ನಮ್ಮ ವಸ್ತಿ ನಡುಗಡ್ಡೆ.

ನಾನು ಹೇಳಬೇಕೆಂದಿರುವುದು ಈ ನಡುಗಡ್ಡೆಗಳ ಬಗ್ಗೆ.

ಹೊರಗಿನವರಿಗೆ ಇದು ಅರ್ಥವಾಗುವುದು ಕಷ್ಟ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಆರು ನೂರು ಮಿಲಿಮೀಟರಿನ ಆಸುಪಾಸು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ಐದು ಸಾವಿರಕ್ಕೂ ಮೇಲೆ. ಅಲ್ಲಿ ಸುರಿದದ್ದು, ಕೊಯ್ನಾ ತುಂಬಿ ಬಿಟ್ಟದ್ದು, ಎಲ್ಲ ಸೇರಿ ನಮ್ಮ ಅಂಗಳಕ್ಕೆ ಬರುವ ಹೊತ್ತಿಗೆ ಇಲ್ಲಿ ಬಿಸಿಲು ಬಿದ್ದಿರುತ್ತದೆ. ಹನಿ ಮಳೆ ಇಲ್ಲದೆ ಊರು ದ್ವೀಪವಾಗುತ್ತದೆ. 2019ರ ಆಗಸ್ಟ್‌ನಲ್ಲಿ ಆಲಮಟ್ಟಿಯಿಂದ ಐದು ಲಕ್ಷ ಕ್ಯುಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಏರಿದ್ದವು. 2021ರಲ್ಲಿ, 2024ರಲ್ಲಿ ಮತ್ತೆ ಬಂತು. ಮಾಚಕನೂರಿನ ಹೊಳೆಬಸವೇಶ್ವರ ಗುಡಿಗೆ ನೀರು ಹೊಕ್ಕಿತು ಅಂದರೆ ಮುಧೋಳದವರಿಗೆ ಅದೇ ಮಾಪನ, ಬೇರೆ ಮೀಟರು ಬೇಕಿಲ್ಲ.

ಬಿಸಿಲು ಇರುವ ಕಾರಣಕ್ಕೇ ನೋಡಲು ಮಂದಿ ಬರುತ್ತಾರೆ. ಜಮಖಂಡಿಯಿಂದ, ವಿಜಯಪುರದಿಂದ, ಬನಹಟ್ಟಿಯಿಂದ ಬೈಕಿನ ಮೇಲೆ, ಕಾರಿನಲ್ಲಿ, ಹೆಂಡರು ಮಕ್ಕಳ ಸಮೇತ. ಚಿಕ್ಕಪಡಸಲಗಿ ಸೇತುವೆ ಮೇಲೆ ಭಾನುವಾರ ಜಾತ್ರೆ. ಸುಟ್ಟ ಗೊಂಜಾಳ ಮಾರುವವನಿಗೆ ಅವತ್ತು ಲಾಭ. ಹುಡುಗರು ನೀರಿಗೆ ಬೆನ್ನು ಕೊಟ್ಟು ಸೆಲ್ಫಿ ತೆಗೆಯುತ್ತಾರೆ. ಅಲ್ಲಿಂದ ಮುತ್ತೂರ, ತುಬಚಿ, ಶೂರ್ಪಾಲಿ ದಾರಿ ಕೇಳುತ್ತಾರೆ: "ನಡುಗಡ್ಡಿ ಎಲ್ಲಿ ಆಗೇತ್ರಿ?"

ಅವರಿಗೆ ದಾರಿ ತೋರಿಸಿದ್ದು ನಾನು. ನಾನು ಮತ್ತು ನನ್ನಂಥ ಹತ್ತು ಜನ. ಡೆಸ್ಕಿನಿಂದ ಫೋನ್ ಬರುತ್ತದೆ, "ನಡುಗಡ್ಡೆ ಆಯ್ತಾ? ವಿಷುವಲ್ಸ್ ಕಳಿಸಿ." ಆಗಿಲ್ಲ ಅಂದರೆ ಆ ಕಡೆ ದನಿ ಸಪ್ಪೆಯಾಗುತ್ತದೆ. ಸುದ್ದಿಗೆ ಇಷ್ಟು ಅಂತ ಎಣಿಸಿ ಕೊಡುವ ಕೆಲಸ ನಮ್ಮದು, ಸಪ್ಪೆ ದನಿ ಕೇಳಿಸಿಕೊಳ್ಳುವ ಶಕ್ತಿ ನಮಗಿಲ್ಲ. ಸೊಂಟದ ತನಕ ನೀರಿನಲ್ಲಿ ನಿಂತು ಮೈಕ್ ಹಿಡಿದು ಮಾತಾಡಿದ್ದೇನೆ. ಪಕ್ಕದಲ್ಲೇ ಮೊಣಕಾಲಷ್ಟು ನೀರಿನ ಜಾಗವಿತ್ತು. ಡಿಪ್ಲೊಮಾದಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ, ತಾನಾಗಿಯೇ ಬಂತು.

2021ರಲ್ಲಿ ಒಂದು ತೋಟದ ವಸ್ತಿಗೆ ಬೋಟಿನಲ್ಲಿ ಹೋಗಿದ್ದೆ. ನಾವು ಆರು ಜನ, ಜಾಕೆಟ್ ಎರಡು. ನಾಲ್ಕು ಜನ ಹೋದದ್ದು ಬರೀ ನೋಡಲಿಕ್ಕೆ. ಅಲ್ಲಿ ಅಜ್ಜಿಯೊಬ್ಬಳು ಎಮ್ಮೆ ಹತ್ತಿರ ಕೂತಿದ್ದಳು. ಮೇವು ಮುಗಿದು ಎರಡು ದಿನವಾಗಿತ್ತು, ಕಬ್ಬಿನ ಎಲೆ ಸುಲಿದು ಹಾಕುತ್ತಿದ್ದಳು. ಹಾಲು ಡೇರಿಗೆ ಒಯ್ಯಲು ದಾರಿಯಿಲ್ಲ, ಚೆಲ್ಲುತ್ತಿದ್ದಳು. ಕರೆಂಟಿಲ್ಲ, ಸಂಜೆಗೆ ಹಾವಿನ ಅಂಜಿಕೆ. ನಾನು ಫೋಟೊ ತೆಗೆದಾಗ ಕೇಳಿದಳು: "ಯಾಕ ಬಂದೀರಿ ತಮ್ಮಾ? ನೀರ ನೋಡಾಕೋ, ನಮ್ಮನ್ನ ನೋಡಾಕೋ?" ಆಮೇಲೆ ಅವಳೇ ಎದ್ದು ಆರೂ ಜನಕ್ಕೆ ಮಜ್ಜಿಗೆ ಕೊಟ್ಟಳು. ಬೋಟು ವಾಪಸ್ ಹೋಗುವಾಗ ಅದರಲ್ಲಿ ಡೇರಿಯ ಕ್ಯಾನು ಇಡಲು ಜಾಗ ಇರಲಿಲ್ಲ. ನಾವು ಕೂತಿದ್ದೆವಲ್ಲ.

ಮಲ್ಪೆಯ ಬಲೆ ನೋಡಿದಾಗ ನನಗೆ ಆ ಹಾಲಿನ ಕ್ಯಾನು ನೆನಪಾಯಿತು. ಯಾರೂ ವಾಸವಿಲ್ಲದ ಒಂದು ಕಲ್ಲಿನ ದ್ವೀಪಕ್ಕೆ, ಟಿಕೆಟ್ ತೆಗೆದುಕೊಂಡು ಹೋಗುವ ಪ್ರವಾಸಿಯ ಜೀವಕ್ಕೆ, ಸರಕಾರ ಇಷ್ಟು ಜತನ ಮಾಡುತ್ತದೆ. ಇಂತಿಂಥ ತಿಂಗಳು ಬರಬೇಡಿ ಅನ್ನುತ್ತದೆ, ಬೋಟು ನಿಲ್ಲಿಸುತ್ತದೆ, ಕಾವಲು ಹಾಕುತ್ತದೆ. ಅದು ಸರಿಯೇ. ಆದರೆ ಮಳೆಗಾಲ ಬಂದರೆ ಜನರಿರುವ ನಮ್ಮ ದ್ವೀಪಗಳಿಗೆ ಒಂದು ಕ್ಯಾಲೆಂಡರ್ ಇಲ್ಲ. ಜುಲೈ ಬರುತ್ತದೆ ಅಂತ ಮೇ ತಿಂಗಳಲ್ಲಿ ಎಲ್ಲರಿಗೂ ಗೊತ್ತು. ಬೋಟು ಎಲ್ಲಿದೆ, ಯಂತ್ರ ಕೆಟ್ಟಿದೆಯೋ ಇಲ್ಲವೋ, ಜಾಕೆಟ್ ಎಷ್ಟು, ಯಾವ ವಸ್ತಿಯಲ್ಲಿ ದಿನ ತುಂಬಿದ ಬಸುರಿ ಇದ್ದಾಳೆ, ಎಷ್ಟು ದನ, ಎಷ್ಟು ಮೇವು ಅಂತ ಆಗಲೇ ಪಟ್ಟಿ ಮಾಡಿ ಗ್ರಾಮ ಪಂಚಾಯಿತಿ ಗೋಡೆಗೆ ಹಚ್ಚಲು ಯಾವ ಹಣಕಾಸು ಒಪ್ಪಿಗೆ ಬೇಕು? ನೀರು ಬಂದ ಮೇಲೆ ಕಾಳಜಿ ಕೇಂದ್ರ ತೆರೆಯುತ್ತಾರೆ, ಅನ್ನ ಹಾಕುತ್ತಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಎಮ್ಮೆ ಬಿಟ್ಟು ಕಾಳಜಿ ಕೇಂದ್ರಕ್ಕೆ ಬರುವ ಹೊಳೆ ದಂಡೆಯ ಹೆಣ್ಣುಮಗಳನ್ನು ನಾನಿನ್ನೂ ಕಂಡಿಲ್ಲ. ಮೊದಲು ಎಮ್ಮೆಗೆ ಜಾಗ ತೋರಿಸಿದರೆ ಆಕೆ ತಾನೇ ಬರುತ್ತಾಳೆ.

"ನಡುಗಡ್ಡಿ ಒಳಗ ಯಾಕ ಇರಬೇಕು, ಬಿಟ್ಟು ಬರಬಾರದೇನು" ಅಂತ ಸೇತುವೆ ಮೇಲೆ ಗೊಂಜಾಳ ತಿನ್ನುತ್ತ ಹೇಳುವವರಿದ್ದಾರೆ. ಬಿಟ್ಟು ಎಲ್ಲಿಗೆ? ಹೊಲ ಅಲ್ಲಿದೆ. ಬೀಳಗಿ ತಾಲ್ಲೂಕಿನವರು ಬಿಟ್ಟು ಬಂದು ನೋಡಿದ್ದಾರೆ. ಆಲಮಟ್ಟಿ ಹಿನ್ನೀರಿಗೆ ಊರೂರೇ ಎದ್ದು ಪುನರ್ವಸತಿ ಕೇಂದ್ರಗಳಿಗೆ ಬಂದು ಎಷ್ಟೋ ವರ್ಷವಾಯಿತು, ಅಜ್ಜನ ಹೊಲ ತೋರಿಸು ಅಂದರೆ ಇವತ್ತಿಗೂ ನೀರಿನ ಕಡೆ ಕೈ ಮಾಡುತ್ತಾರೆ.

ಈಗ ಅಣೆಕಟ್ಟನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಮತ್ತೆ ಬಿಸಿಯಾಗಿದೆ. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಎಕರೆಗೆ ನೀರಾವರಿ ಭೂಮಿಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ ಅಂತ ದರ ಗೊತ್ತುಮಾಡಿತು. ದರ ಸಾಕೋ ಸಾಲದೋ ಅಂತ ನಮ್ಮ ಕಟ್ಟೆಗಳ ಮೇಲೆ ದಿನಾ ಜಗಳ ನಡೆದಿದೆ. ನನ್ನ ಪ್ರಶ್ನೆ ಬೇರೆ. ಮುಳುಗಡೆಯ ಲೆಕ್ಕ ಹಾಕುವುದು ಮಟ್ಟದ ಮೇಲೆ, ಗೆರೆಯ ಕೆಳಗೆ ಬಂದರೆ ಮುಳುಗಡೆ. ಗೆರೆಯ ಮೇಲೆ ಉಳಿದು, ಸುತ್ತ ನೀರು ನಿಂತು, ದಾರಿ ಮಾತ್ರ ಮುಳುಗಿದ ಹೊಲವನ್ನು ಏನೆಂದು ಕರೆಯಬೇಕು? ಕಾಗದದಲ್ಲಿ ಅದು ಒಣಗಿದ ನೆಲ. ಮೊಣಕೈ ತನಕ ಬೆಳೆದ ಕಬ್ಬು ಅಲ್ಲೇ ನಿಂತಿರುತ್ತದೆ, ಅಲ್ಲಿಗೆ ಹೋಗುವ ಬಂಡಿಯಿಲ್ಲ, ಗೊಬ್ಬರ ಒಯ್ಯುವ ಟ್ರ್ಯಾಕ್ಟರಿಲ್ಲ. ಸರ್ವೆ ಮಾಡುವವರು ಎತ್ತರ ಅಳೆಯುವಾಗ ದಾರಿಯನ್ನೂ ಅಳೆಯಲಿ ಅಂತ ನಮ್ಮ ಜನಪ್ರತಿನಿಧಿಗಳು ಈಗಲೇ ಪಟ್ಟು ಹಿಡಿಯಬೇಕು. ನೋಟಿಸು ಬಂದ ಮೇಲೆ ಹಿಡಿದರೆ ಕೋರ್ಟಿನ ದಾರಿ ಅಷ್ಟೇ.

ಕಂಕಣವಾಡಿಯವರನ್ನು ನೋಡಿ. ಹೊಳೆ ನಡುವಿನ ಗುಹೇಶ್ವರ ಗಡ್ಡೆಯಲ್ಲಿ ಅವರ ಹೊಲಗಳಿವೆ. ಕಾದು ಕಾದು ಸಾಕಾಗಿ ಬ್ಯಾರಲ್ ಜೋಡಿಸಿ ತೇಲುವ ಸೇತುವೆಯನ್ನು ರೈತರೇ ಕಟ್ಟಿಕೊಂಡರು. ಶ್ರಮಬಿಂದು ಸಾಗರ ಕಟ್ಟಿದ ನಾಡು ಇದು, 1989ರಲ್ಲಿ ಸಿದ್ದು ನ್ಯಾಮಗೌಡರ ಜೊತೆ ರೈತರು ಸ್ವಂತ ದುಡ್ಡು, ಸ್ವಂತ ಬೆವರು ಹಾಕಿ ಬ್ಯಾರೇಜು ನಿಲ್ಲಿಸಿದರು. ಆ ಹೆಮ್ಮೆ ನನಗೂ ಇದೆ. ಆದರೆ ಇಂಥ ಸುದ್ದಿ ಬರೆಯುವಾಗ "ಮಾದರಿ ರೈತರು" ಅಂತ ತಲೆಬರಹ ಕೊಟ್ಟು ನಾವು ಕೈ ತೊಳೆದುಕೊಳ್ಳುತ್ತೇವೆ. ರಬಕವಿ–ಮಹಿಷವಾಡಗಿ ಸೇತುವೆ ವರ್ಷಗಟ್ಟಲೆ ಎಳೆದಾಡಿದ್ದು ಯಾಕೆ ಅಂತ ಕೇಳಿ ಬರೆದರೆ ಅದಕ್ಕೆ ಒಳಪುಟದಲ್ಲಿ ಎರಡು ಕಾಲಂ. ಬ್ಯಾರಲ್ ಸೇತುವೆಗೆ ಮೊದಲ ಪುಟ.

ನೋಡಲು ಬರಬೇಡಿ ಅಂತ ಯಾರಿಗೂ ಹೇಳುವ ಹಕ್ಕು ನನಗಿಲ್ಲ. ತುಂಬಿದ ಹೊಳೆ ನೋಡುವುದು ನಮ್ಮವರ ಹಳೆಯ ಆಸೆ, ಬಾಗಿನ ಬಿಡುವ ಮಂದಿ ನಾವು. ಸೇತುವೆ ಮೇಲೆ ನಿಂತು ನೋಡಿ, ಕೈಮುಗಿದು ಹೋಗಿ. ವಸ್ತಿಗೆ ಹೋಗುವ ಬೋಟಿನಲ್ಲಿ ಮಾತ್ರ ಕೂರಬೇಡಿ. ಅಲ್ಲಿ ನಿಮ್ಮ ಜಾಗದಲ್ಲಿ ಒಂದು ಹೊರೆ ಮೇವು ಹೋಗಬೇಕಾಗಿರುತ್ತದೆ. ಹೋಗಲೇಬೇಕು ಅಂದರೆ ಕೆಲಸವಿಟ್ಟುಕೊಂಡು ಹೋಗಿ: ಔಷಧಿ, ಮೇಣಬತ್ತಿ, ಮೇವು, ಏನಾದರೂ. ಮುಖಂಡರಿಗೂ ಇದೇ ಮಾತು. ಅವರ ಬೋಟಿನ ಹಿಂದೆ ಇನ್ನೆರಡು ಬೋಟಿನಲ್ಲಿ ಬರುವ ಹಿಂಬಾಲಕರಿಗೆ ಇನ್ನೂ ಜೋರಾಗಿ ಹೇಳಬೇಕು.

ಈ ವರ್ಷ ಡೆಸ್ಕಿನಿಂದ ಫೋನ್ ಬಂದರೆ ಏನು ಹೇಳುತ್ತೇನೆ ಅಂತ ಹೆಂಡತಿ ಕೇಳಿದಳು. ವಿಷುವಲ್ಸ್ ಕಳಿಸುವುದಿಲ್ಲ ಅನ್ನುವ ಧೈರ್ಯ ನನಗಿಲ್ಲ, ಮನೆ ನಡೆಯಬೇಕು. ಆದರೆ ದಂಡೆಯ ಮೇಲಿಂದ ತೆಗೆಯುತ್ತೇನೆ. ಮೇ ತಿಂಗಳಲ್ಲೇ ಆ ಅಜ್ಜಿಯ ವಸ್ತಿಗೆ ಹೋಗಿ ಬಂದೆ, ಆಗ ದಾರಿ ಒಣಗಿತ್ತು, ಬೈಕ್ ನೇರ ಅಂಗಳದ ತನಕ ಹೋಯಿತು. ಎಮ್ಮೆ ಎರಡಾಗಿವೆ. ಈ ಸಲ ನೀರು ಬರುವ ಮೊದಲೇ ಬಂದದ್ದಕ್ಕೆ ಅವಳಿಗೆ ಆಶ್ಚರ್ಯ. "ಈಗೇನೈತಿ ನೋಡಾಕ?" ಅಂದಳು. ಅವರ ವಸ್ತಿಯ ಮನೆ ಎಷ್ಟು, ದನ ಎಷ್ಟು, ಬೋಟು ಹತ್ತಿರದ್ದು ಎಲ್ಲಿ ಅಂತ ಬರೆದುಕೊಂಡೆ. ಬೋಟಿನ ಸಾಲು ಇನ್ನೂ ಖಾಲಿ ಇದೆ.