ಬುಲೆಟ್ ಬಿಟ್ಟು ಬೇರೆ ಗಾಡಿಯೇ? ಮೊದಲು ಮಿಸ್ತ್ರಿಯನ್ನು ಕೇಳಿ

ದಸರಾ, ದೀಪಾವಳಿ ಪಾಡ್ಯ, ಯುಗಾದಿ ಹತ್ತಿರ ಬಂದರೆ ಸಾಕು, ಗಡಿಭಾಗದ ಮನೆಗಳಲ್ಲಿ ಹೊಸ ಗಾಡಿಯ ಮಾತು ಶುರುವಾಗುತ್ತದೆ. ಕೊಲ್ಹಾಪುರದ ಪೇಟೆ ಇರಲಿ, ಇಚಲಕರಂಜಿಯ ಮಗ್ಗದ ಓಣಿ ಇರಲಿ, ಗಡಹಿಂಗ್ಲಜ ತಾಲ್ಲೂಕಿನ ಕಬ್ಬಿನ ಹಳ್ಳಿ ಇರಲಿ, ಜಗಳ ಒಂದೇ.

‘ಅಪ್ಪಾ, ಈ ಸಲ ಬುಲೆಟ್ ಬ್ಯಾಡ. ಅದಕ್ಕಿಂತ ಚಲೋ ಗಾಡಿ ಬಂದಾವ’ ಎನ್ನುತ್ತಾನೆ ಮಗ. ‘ಬುಲೆಟ್‌ಗಿಂತ ಚಲೋ ಗಾಡಿ ಎಲ್ಲೈತೋ ತಮ್ಮಾ? ಅದರ ಮ್ಯಾಲೆ ಕುಂತ್ರ ಊರೆಲ್ಲ ತಿರುಗಿ ನೋಡತೈತಿ’ ಎನ್ನುತ್ತಾನೆ ಅಪ್ಪ. ತಾಯಿ ಮಾತ್ರ ಸುಮ್ಮನೆ ಕಂತಿನ ಲೆಕ್ಕ ಹಾಕುತ್ತಿರುತ್ತಾಳೆ.

ಅಪ್ಪನ ಮಾತಿನಲ್ಲಿ ಅಭಿಮಾನವಿದೆ, ಮಗನ ಮಾತಿನಲ್ಲಿ ಹುರುಪಿದೆ. ಎರಡೂ ಸುಳ್ಳಲ್ಲ. ಆದರೆ ಎರಡು ಲಕ್ಷದ ಆಸುಪಾಸಿನ ವ್ಯವಹಾರಕ್ಕೆ ಅಭಿಮಾನವೂ ಸಾಲದು, ಹುರುಪೂ ಸಾಲದು. ಈ ಭಾಗದಲ್ಲಿ ಇಷ್ಟು ಹಣ ಬರುವುದು ಕಬ್ಬಿನ ಬಿಲ್ಲಿನಿಂದ, ಇಲ್ಲವೇ ಮಗ್ಗದ ದುಡಿಮೆಯಿಂದ, ಅದೂ ಇಲ್ಲದಿದ್ದರೆ ಸಾಲದಿಂದ. ಹಾಗಾದರೆ ಯಾವುದನ್ನು ನೋಡಿ ಗಾಡಿ ಆರಿಸಬೇಕು?

ಹೆಸರು ಇಂಗ್ಲೆಂಡಿನದು, ಕೈ ನಮ್ಮದು

ಮೊದಲು ಹೆಸರಿನ ಮಾತು ಮುಗಿಸೋಣ. ರಾಯಲ್ ಎನ್‌ಫೀಲ್ಡ್ ಇಂಗ್ಲೆಂಡಿನ ರೆಡಿಚ್ ಊರಿನ ಕಂಪನಿ. ಮೊದಲ ಮೋಟಾರ್ ಸೈಕಲ್ ಮಾಡಿದ್ದು 1901ರಲ್ಲಿ, ‘ಬುಲೆಟ್’ ಎಂಬ ಹೆಸರು ಬಂದದ್ದು 1932ರಲ್ಲಿ. ಸ್ವಾತಂತ್ರ್ಯದ ನಂತರ ಗಡಿ ಕಾಯಲು ನಮ್ಮ ಸೈನ್ಯ ಬುಲೆಟ್ ಆರಿಸಿಕೊಂಡಿತು. 1955ರಲ್ಲಿ ಮದ್ರಾಸ್ ಮೋಟರ್ಸ್ ಜತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ಮೊದಲು ಅಲ್ಲಿಂದ ಬಿಡಿಭಾಗ ತರಿಸಿ ಜೋಡಿಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಇಡೀ ಗಾಡಿ ತಯಾರಾಗತೊಡಗಿತು.

ರೆಡಿಚ್ ಕಾರ್ಖಾನೆ 1967ರಲ್ಲಿ ಮುಚ್ಚಿತು. ಸ್ವಲ್ಪ ದಿನಕ್ಕೆ ಇಂಗ್ಲೆಂಡಿನ ಕಂಪನಿಯೇ ಇಲ್ಲವಾಯಿತು. ಬುಲೆಟ್ ಮಾತ್ರ ಸಾಯಲಿಲ್ಲ. ತಾಯಿ ಹೋದರೂ ಮಗು ಬದುಕಿದ್ದು ಏಕೆ? ಬಿಡಿಭಾಗ ಮಾಡುವ ಅಚ್ಚು ಇಲ್ಲಿತ್ತು, ಬಿಚ್ಚಿ ಜೋಡಿಸುವ ಕೈಗಳು ಇಲ್ಲಿದ್ದವು. ಈಗ ಅದು ಐಷರ್ ಸಮೂಹದ ಕೈಯಲ್ಲಿದೆ.

ಮಗ ತೋರಿಸುವ ಬೇರೆ ಇಂಗ್ಲಿಷ್ ಹೆಸರುಗಳ ಕತೆಯೂ ಇದೇ. ಟ್ರಯಂಫ್ ಸ್ಪೀಡ್ 400 ಗಾಡಿ 2023ರಲ್ಲಿ ಬಂತು. ಅದನ್ನು ತಯಾರಿಸುವುದು ಬಜಾಜ್, ಪುಣೆ ಹತ್ತಿರದ ಚಾಕಣದಲ್ಲಿ. ಬಿಎಸ್ಎ ಹೆಸರನ್ನು ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ 2016ರಲ್ಲಿ ಕೊಂಡಿತು. ಅದರ ಗೋಲ್ಡ್ ಸ್ಟಾರ್ 650 ನಮ್ಮ ದೇಶದ ಮಾರುಕಟ್ಟೆಗೆ ಬಂದದ್ದು 2024ರ ಆಗಸ್ಟ್ 15ರಂದು. ನಾರ್ಟನ್ ಕಂಪನಿ 2020ರಲ್ಲಿ ಟಿವಿಎಸ್ ಪಾಲಾಯಿತು. ಅಂದಮೇಲೆ ‘ಇದು ಅಸಲಿ ಇಂಗ್ಲಿಷ್ ಗಾಡಿ, ಅದು ಅಲ್ಲ’ ಎಂಬ ವಾದದಲ್ಲಿ ಹುರುಳಿಲ್ಲ. ಟ್ಯಾಂಕಿನ ಮೇಲಿನ ಅಕ್ಷರಕ್ಕೆ ಜಗಳಾಡುವುದು ಬಿಟ್ಟು ಗಾಡಿಯನ್ನು ನೋಡಬೇಕು.

ಮೈಸೂರಿನ ಯೆಜ್ಡಿ ಕಲಿಸಿದ ಪಾಠ

ಕನ್ನಡಿಗರಿಗೆ ಹತ್ತಿರದ ಇನ್ನೊಂದು ಹೆಸರು ಜಾವಾ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿ ಮಾಡಿತು. 1973ರಿಂದ ಅದೇ ಗಾಡಿ ಯೆಜ್ಡಿ ಎಂಬ ಹೆಸರಿನಲ್ಲಿ ಓಡಿತು. ಎರಡು ಸೈಲೆನ್ಸರಿನ ಆ ಸದ್ದು ಕೇಳಿ ಬೆಳೆದವರು ಗಡಿಯ ಎರಡೂ ಕಡೆ ಇದ್ದಾರೆ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆಗ ಯೆಜ್ಡಿ ಇಟ್ಟುಕೊಂಡವರ ಪಾಡು ನೆನಪಿಸಿಕೊಳ್ಳಿ. ಪಿಸ್ಟನ್ ಸಿಕ್ಕರೆ ರಿಂಗ್ ಇಲ್ಲ, ರಿಂಗ್ ಸಿಕ್ಕರೆ ಕ್ಲಚ್ ಪ್ಲೇಟ್ ಇಲ್ಲ. ಗುಜರಿ ಅಂಗಡಿ ಸುತ್ತಿ, ಲೇತ್ ಮಷೀನಿನಲ್ಲಿ ಹೊಸದಾಗಿ ಕಡೆಸಿ, ಊರ ಮಿಸ್ತ್ರಿಯ ಕೈಗುಣದಿಂದ ಉಳಿದ ಗಾಡಿಗಳು ಉಳಿದವು. ಮಿಸ್ತ್ರಿ ಇಲ್ಲದ ಊರಿನಲ್ಲಿ ಅವು ಗೋಡೆಗೆ ಒರಗಿ ತುಕ್ಕು ಹಿಡಿದವು.

ಒಂದು ಕಂಪನಿ ಹೋದರೂ ಬುಲೆಟ್ ಉಳಿಯಿತು, ಇನ್ನೊಂದು ಕಂಪನಿ ಹೋದಾಗ ಯೆಜ್ಡಿ ಸೊರಗಿತು. ಪಾಠ ಸ್ಪಷ್ಟ. ಗಾಡಿ ಬದುಕುವುದು ಹೆಸರಿನಿಂದ ಅಲ್ಲ, ಬಿಡಿಭಾಗದಿಂದ ಮತ್ತು ಮಿಸ್ತ್ರಿಯಿಂದ.

ಕೊಲ್ಹಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದ ಸೀಮೆ ಇದು. ಉದ್ಯಮನಗರದ ಲೇತುಗಳು, ಶಿರೋಳಿ ಮತ್ತು ಗೋಕುಳ ಶಿರಗಾಂವದ ಫೌಂಡ್ರಿಗಳು ದೇಶದ ವಾಹನ ಕಾರ್ಖಾನೆಗಳಿಗೆ ಎರಕದ ಭಾಗ ಕಳಿಸುತ್ತವೆ. ಕಬ್ಬಿಣದ ಭಾಷೆ ಬಲ್ಲ ಊರಿನವರು ಬಣ್ಣ, ಸದ್ದು ನೋಡಿ ಗಾಡಿ ಕೊಳ್ಳಬಾರದು.

ಹೊಸ ಬುಲೆಟ್ ಕೂಡ ಹಳೆಯ ಬುಲೆಟ್ ಅಲ್ಲ

ಅಪ್ಪಂದಿರು ಗಮನಿಸಬೇಕಾದ ಮಾತೊಂದಿದೆ. ನೀವು ಮನಸ್ಸಿನಲ್ಲಿಟ್ಟುಕೊಂಡ ಬುಲೆಟ್ ಈಗ ಅಂಗಡಿಯಲ್ಲಿಲ್ಲ. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು, ಆಂಪಿಯರ್ ಮುಳ್ಳನ್ನು ನಡುವೆ ತಂದು ಕಿಕ್ ಹೊಡೆಯುವ ಆ ಕಾಸ್ಟ್ ಐರನ್ ಎಂಜಿನ್ ನಿಂತು ಎಷ್ಟೋ ವರ್ಷವಾಯಿತು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಕಾರ್ಬೊರೇಟರ್ ಹೋಗಿ ಇಂಧನ ಇಂಜೆಕ್ಷನ್ ಬಂತು. 2023ರಲ್ಲಿ ಬಂದ ಬುಲೆಟ್ 350ರಲ್ಲಿ 349 ಸಿಸಿಯ ಹೊಸ ಎಂಜಿನ್ ಇದೆ, ಸುಮಾರು 20 ಅಶ್ವಶಕ್ತಿ. ಅದಕ್ಕೆ ಕಿಕ್ಕೇ ಇಲ್ಲ, ಸೆಲ್ಫ್ ಮಾತ್ರ.

ಇದು ದೂರಲ್ಲ. ಹೊಸ ಎಂಜಿನ್ ಕಡಿಮೆ ನಡುಗುತ್ತದೆ, ಎಣ್ಣೆ ಸೋರುವುದು ನಿಂತಿದೆ, ಮುಂಜಾನೆ ಹತ್ತು ಸಲ ಕಿಕ್ ಹೊಡೆಯುವ ಕಷ್ಟ ತಪ್ಪಿದೆ. ಆದರೆ ‘ಸ್ಕ್ರೂಡ್ರೈವರು, ಪಕ್ಕಡ ಇದ್ರ ಸಾಕು, ದಾರ್‍ಯಾಗ ರಿಪೇರಿ ಮಾಡ್ಕೋಬಹುದು’ ಎಂಬ ಹಳೆಯ ಧೈರ್ಯವೂ ಹೋಯಿತು. ಸೆನ್ಸರ್ ಕೆಟ್ಟರೆ ಸ್ಕ್ಯಾನರ್ ಬೇಕು. ಹೀಗಾಗಿ ಅಜ್ಜನ ಗಾಡಿಯ ಮಟ್ಟಿಗೆ ಹೊಸ ಬುಲೆಟ್ ಕೂಡ ಒಂದು ‘ಬೇರೆ ಗಾಡಿ’ಯೇ. ಹೊಂಡಾ, ಜಾವಾ, ಯೆಜ್ಡಿ, ಟ್ರಯಂಫ್‌ಗಳ ಜತೆ ಅದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ತೂಗಬೇಕು.

ತೂಗುವುದು ಹೇಗೆ?

ಮೊದಲನೆಯದು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗೆ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ಮೇಲಿನದಕ್ಕೆ ಶೇ 40 ಆಯಿತು. ಬುಲೆಟ್ 349, ಹೊಂಡಾದ ಹೈನೆಸ್ ಸಿಬಿ350 ಗಾಡಿ 348, ಹೊಸ ಯೆಜ್ಡಿ 334 ಸಿಸಿ. ಇವೆಲ್ಲ ಗೆರೆಯ ಈಚೆಗೆ. ಟ್ರಯಂಫ್‌ನ 398 ಸಿಸಿ ಎಂಜಿನ್, ಬಿಎಸ್ಎಯ 652 ಸಿಸಿ ಎಂಜಿನ್ ಗೆರೆಯ ಆಚೆಗೆ. ತೆರಿಗೆ ನೋಡಿ ಕಂಪನಿಗಳು ಎಂಜಿನ್ ಅಳತೆ ಬದಲಿಸುವುದೂ ಉಂಟು. ಕೊಳ್ಳುವ ದಿನ ಸಿಸಿ ಎಷ್ಟೆಂದು ಕಾಗದದಲ್ಲೇ ನೋಡಿ.

ಎರಡನೆಯದು ದಾರಿ. ಇಚಲಕರಂಜಿಯ ಇಕ್ಕಟ್ಟಿನ ಓಣಿಯಲ್ಲಿ ದಿನಕ್ಕೆ ನಾಲ್ಕು ಸಲ ನೂಲಿನ ಅಂಗಡಿಗೆ ಹೋಗಿ ಬರುವವನಿಗೆ 195 ಕಿಲೋದ ಬುಲೆಟ್ ತಿರುಗಿಸುವುದೇ ಒಂದು ಕಸರತ್ತು. ಹೈನೆಸ್ ಸುಮಾರು 181 ಕಿಲೋ, ಸ್ಪೀಡ್ 400 ಇನ್ನೂ ಹಗುರ. ಕಾಗಲ ದಾಟಿ ನಿಪ್ಪಾಣಿ, ತವಂದಿ ಘಾಟ್ ಮೂಲಕ ವಾರಕ್ಕೊಮ್ಮೆ ಬೆಳಗಾವಿಗೆ ಹೆದ್ದಾರಿಯಲ್ಲಿ ಓಡುವವನಿಗೆ ಟ್ರಯಂಫ್‌ನ 40 ಅಶ್ವಶಕ್ತಿ ಉಪಯೋಗಕ್ಕೆ ಬರುತ್ತದೆ. ಗಡಹಿಂಗ್ಲಜದಿಂದ ಹೊಲದ ಕಾಲುದಾರಿಗೆ, ಸಂಕೇಶ್ವರದ ಸಂತೆಗೆ ಹೋಗುವವನಿಗೆ ಅಷ್ಟು ಶಕ್ತಿ ಬೇಕಿಲ್ಲ. ಗುಂಡಿಯಲ್ಲಿ ನಿಧಾನಕ್ಕೆ ಎಳೆಯುವ ಬುಲೆಟ್ ಅವನಿಗೆ ಇವತ್ತಿಗೂ ಒಗ್ಗುತ್ತದೆ.

ಮೂರನೆಯದು ಬ್ರೇಕು. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಹೊತ್ತು ಎರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ದೀಪವಿಲ್ಲದೆ ಹೋಗುವ ಟ್ರ್ಯಾಕ್ಟರುಗಳನ್ನು ಈ ಭಾಗದಲ್ಲಿ ಕಾಣದವರಾರು? ಅಲ್ಲಿ ಜೀವ ಉಳಿಸುವುದು ಬ್ರೇಕು ಮತ್ತು ಹೆಡ್‌ಲೈಟು, ಸೈಲೆನ್ಸರಿನ ಸದ್ದಲ್ಲ. 125 ಸಿಸಿ ಮೇಲಿನ ಹೊಸ ಬೈಕಿಗೆಲ್ಲ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಅದು ಮುಂದಿನ ಗಾಲಿಗಷ್ಟೇ ಇದೆಯೋ, ಎರಡಕ್ಕೂ ಇದೆಯೋ ಎಂದು ಕೇಳಿ ಕೊಳ್ಳಿ. ಕೆಲವು ಸಾವಿರ ಹೆಚ್ಚು ಕೊಡುವುದಿದ್ದರೆ ಬಣ್ಣಕ್ಕಲ್ಲ, ಇದಕ್ಕೆ ಕೊಡಿ.

ನಾಲ್ಕನೆಯದೇ ಮುಖ್ಯ, ಮಿಸ್ತ್ರಿ. ಹೈನೆಸ್‌ಗೆ ಹೊಂಡಾದ ಎಲ್ಲ ಅಂಗಡಿಯೂ ಆಗುವುದಿಲ್ಲ, ಬಿಗ್‌ವಿಂಗ್ ಎಂಬ ಬೇರೆ ಮಳಿಗೆ ಬೇಕು. ನೀರಿನಿಂದ ತಂಪಾಗುವ ಯೆಜ್ಡಿ, ಟ್ರಯಂಫ್ ಎಂಜಿನ್‌ಗಳನ್ನು ಬಿಚ್ಚಲು ಹಳ್ಳಿಯ ಗ್ಯಾರೇಜಿನವ ಹಿಂಜರಿದರೆ ತಪ್ಪು ಅವನದಲ್ಲ. ನೀವಿರುವ ಊರಿನಿಂದ ಮುಂಜಾನೆ ಹೋಗಿ ಸಂಜೆಗೆ ಬರುವಷ್ಟು ದೂರದಲ್ಲಿ ಆ ಗಾಡಿಯ ಸರ್ವಿಸ್ ಇದೆಯೇ? ಕ್ಲಚ್ ಕೇಬಲ್ಲಿಗೆ, ಲೈಟಿಗೆ ಎಷ್ಟು ದಿನ ಕಾಯಬೇಕು? ಅಂಗಡಿಯವನನ್ನು ಕೇಳಬೇಡಿ, ಅವನು ‘ಎಲ್ಲಾ ಸಿಗತೈತ್ರಿ’ ಎಂದೇ ಹೇಳುತ್ತಾನೆ. ಅದೇ ಗಾಡಿಯನ್ನು ಎರಡು ವರ್ಷ ಓಡಿಸಿದವನನ್ನು ಕೇಳಿ, ಓಣಿಯ ಮಿಸ್ತ್ರಿಯನ್ನು ಕೇಳಿ.

ಗಡಿ ದಾಟಿದ ನಂಬರ್ ಪ್ಲೇಟು

ಗಡಿಯ ಕುಟುಂಬಗಳಿಗೆ ಐದನೆಯ ಪ್ರಶ್ನೆಯೊಂದಿದೆ. ಬೇರೆ ಊರಿನವರಿಗೆ ಇದು ಬರುವುದಿಲ್ಲ. ತವರು ಚಿಕ್ಕೋಡಿ, ಮನೆ ಇಚಲಕರಂಜಿ. ಹೊಲ ಸಂಕೇಶ್ವರ, ವಾಸ ಗಡಹಿಂಗ್ಲಜ. ಗಾಡಿ ಕೆಎ-23, ಓಡುವುದು ಎಂಎಚ್-09 ಸೀಮೆಯಲ್ಲಿ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನಂಬರ್ ಪಡೆಯಬೇಕು. ಅದಕ್ಕೆ ಮೊದಲಿನ ಆರ್‌ಟಿಒ ಕಚೇರಿಯ ಎನ್ಒಸಿ ಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ಎರಡೂ ರಾಜ್ಯದ ರಸ್ತೆ ತೆರಿಗೆ ಒಂದೇ ಅಲ್ಲ. ಆದ್ದರಿಂದ ‘ನಿಪ್ಪಾಣ್ಯಾಗ ಸೋವಿ ಸಿಗತೈತಿ’ ಎಂದು ಓಡುವ ಮುನ್ನ ಗಾಡಿ ಯಾವ ಊರಿನಲ್ಲಿ ನಿಲ್ಲುತ್ತದೆಂದು ತೀರ್ಮಾನಿಸಿ, ಆ ಊರಿನ ಆನ್‌ರೋಡ್ ಬೆಲೆ ಕೇಳಿ.

ಇನ್ನು ಅಜ್ಜನ ಹಳೆಯ ಬುಲೆಟ್. ಹದಿನೈದು ವರ್ಷವಾಯಿತೆಂದು ಹೆದರಿ ಅದನ್ನು ಎಕ್ಸ್‌ಚೇಂಜಿಗೆ ಬಿಸಾಕುವವರಿದ್ದಾರೆ. ಅಷ್ಟು ಅವಸರ ಬೇಡ. ಗಾಡಿ ಗಟ್ಟಿಯಿದ್ದರೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. 2022ರ ಏಪ್ರಿಲ್‌ನಿಂದ ಬೈಕಿಗೆ ಆ ಶುಲ್ಕ 1,000 ರೂಪಾಯಿ. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 2,000 ರೂಪಾಯಿ ಮಾಡಿದ್ದಾರೆ. ಪರಿಸರ ತೆರಿಗೆ ಬೇರೆ. ಆದರೆ ಕಾಗದ ಮುಗಿದ ಗಾಡಿಯನ್ನು ‘ಇಲ್ಲೇ ಹೊಲಕ್ಕ ಅಷ್ಟ’ ಎಂದು ಓಡಿಸುವುದು ಮಾತ್ರ ಬೇಡವೇ ಬೇಡ. ಅಪಘಾತವಾದ ದಿನ ವಿಮೆಯ ತಕರಾರು ಶುರುವಾಗುತ್ತದೆ, ಆಗ ಹೊಲ ಮಾರುವ ಪಾಳಿ ಬರುತ್ತದೆ.

ಹಿಂದೆ ಎನ್‌ಫೀಲ್ಡ್ ಕಂಪನಿಯೇ 325 ಸಿಸಿಯ ಡೀಸೆಲ್ ಗಾಡಿ ಮಾಡಿತ್ತು. ಅದು ಓಡುತ್ತಿದ್ದುದು ನಿಧಾನ, ಸದ್ದು ಪಂಪ್‌ಸೆಟ್ಟಿನದು. ಆದರೂ ರೈತರು ಕೊಂಡರು, ಏಕೆಂದರೆ ಲೀಟರ್ ಲೆಕ್ಕ ಅವರಿಗೆ ಗೊತ್ತಿತ್ತು. ಅದೇ ಲೆಕ್ಕದ ಬುದ್ಧಿ ಈಗಲೂ ಬೇಕು.

‘ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ’ ಎಂಬ ಗಾದೆ ಗಾಡಿಗೂ ಸಲ್ಲುತ್ತದೆ. ಬುಲೆಟ್ ಕೊಳ್ಳುವುದಾದರೆ ಕೊಳ್ಳಿ, ಬೇರೆಯದು ಕೊಳ್ಳುವುದಾದರೂ ಕೊಳ್ಳಿ. ತೆರಿಗೆ, ದಾರಿ, ಬ್ರೇಕು, ಮಿಸ್ತ್ರಿ, ನಂಬರ್ ಈ ಐದಕ್ಕೂ ಉತ್ತರ ಸಿಕ್ಕ ಮೇಲೆ ಅಪ್ಪ–ಮಗ ಕೂಡಿಯೇ ಅಂಗಡಿಗೆ ಹೋಗಲಿ. ಹೋಗುವಾಗ ಕಂತಿನ ಲೆಕ್ಕ ಹಾಕಿದ ತಾಯಿಯನ್ನೂ ಕರೆದುಕೊಂಡು ಹೋಗಲಿ. ಹಿಂದಿನ ಸೀಟಿನಲ್ಲಿ ಕೂರುವವಳು ಅವಳೇ ಅಲ್ಲವೇ?